ಮುಗದದ ಚಿತ್ರ ಮುಗಿಯದ ವರ್ಷ

ಹೋದ ವಾರ ಅಣ್ಣನ ಮೊಮ್ಮಗಳು ನನ್ನ ಕೋಣೆಯ ಕಿಟಕಿಯ ಹತ್ತಿರ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಅವಳು ಶೀಸೆಯ ಮುಚ್ಚಳ ತೆಗೆದಳೋ ಇಲ್ಲವೋ, ಬಾಳೆಹಣ್ಣು ತೀರ ಮಾಗಿದಾಗ ಬರುವಂಥ, ಆದರೆ ಮೂಗಿನೊಳಗೆ ಚುಚ್ಚುವ ಒಂದು ವಾಸನೆ ಕೋಣೆ ತುಂಬಿತು. ಓದುತ್ತಿದ್ದ ಪತ್ರಿಕೆ ಮಡಚಿಟ್ಟೆ.

"ಅಜ್ಜಿ, ವಾಸನಿ ಆಗಂಗಿಲ್ಲೇನು? ಹೊರಗ ಹೋಗಲೇನು?" ಎಂದಳು.

"ಬ್ಯಾಡ, ಇಲ್ಲೇ ಕೂಡು" ಎಂದೆ. ಅವಳಿಗೆ ಹೇಳಿದ್ದು ಅಷ್ಟೇ.

ಆ ವಾಸನೆಯ ಜೊತೆ ನಾನು ಮೂರು ವರ್ಷ ಬಾಳಿದ್ದೇನೆ. ಸಿನಿಮಾ ಫಿಲ್ಮಿನ ತುಂಡುಗಳನ್ನು ಒಂದಕ್ಕೊಂದು ಅಂಟಿಸುವ ದ್ರವಕ್ಕೆ ಅದೇ ವಾಸನೆ ಇತ್ತು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಮದುವೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಹಗಲು ಧಾರವಾಡದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಸಾಲೆ ಬಿಟ್ಟ ಮೇಲೆ ಮದಿಹಾಳದ ಒಂದು ಹಂಚಿನ ಮನೆಗೆ ಹೋಗಿ, ಕತ್ತರಿ ಬ್ಲೇಡು ಹಿಡಿದು ಫಿಲ್ಮು ಜೋಡಿಸುತ್ತ ಕೂಡುತ್ತಿದ್ದೆ. ಅವ್ವನಿಗೆ ಇದು ಸೇರುತ್ತಿರಲಿಲ್ಲ. "ಸಿನಿಮಾದವರ ಮನಿ ಅಂತ ಮಂದಿ ಅಂತಾರ" ಎನ್ನುತ್ತಿದ್ದಳು. ಅಣ್ಣ ಮಾತ್ರ ನನ್ನ ಪರ ನಿಲ್ಲುತ್ತಿದ್ದ. ಆದರೆ ನಾನು ಹೇಳುವ ವರ್ಷ ಅಣ್ಣ ಮನೆಯಲ್ಲಿರಲಿಲ್ಲ. ಚಲೇಜಾವ್ ಚಳವಳಿಯಲ್ಲಿ ಹಿಡಿದು ಅವನನ್ನು ಹಿಂಡಲಗಿ ಜೇಲಿಗೆ ಹಾಕಿದ್ದರು.

ಆ ಹಂಚಿನ ಮನೆ ಗುರುನಾಥ ಮಾಸ್ತರದು. ಅವರು ಮೊದಲು ಚಿತ್ರಕಲೆಯ ಮಾಸ್ತರರು. ನೌಕರಿ ಬಿಟ್ಟು ಕೊಲ್ಲಾಪುರಕ್ಕೆ ಹೋಗಿ ಸಿನಿಮಾ ಕಂಪನಿಯೊಂದರಲ್ಲಿ ಪರದೆ ಬರೆದರು, ಆಮೇಲೆ ಕ್ಯಾಮೆರಾದವರ ಕೈಕೆಳಗೆ ದುಡಿದರು. ಎಂಟು ವರ್ಷದ ನಂತರ ಕೈಯಿಂದ ತಿರುಗಿಸುವ ಒಂದು ಹಳೆಯ ಕ್ಯಾಮೆರಾದೊಂದಿಗೆ ವಾಪಸು ಬಂದರು. ಯಾಕೆ ಬಂದಿರಿ ಎಂದು ನಾನು ಒಮ್ಮೆ ಕೇಳಿದ್ದೆ. "ದೇವರ ಪಾರ್ಟು ಮಾಡವರನ್ನ ಸಾಕಷ್ಟು ನೋಡಿದೆ, ಇಂದಿರಾಬಾಯಿ. ಇನ್ನ ಸ್ವಲ್ಪ ಮನುಷ್ಯಾರನ್ನ ನೋಡೋಣು ಅನಿಸ್ತು" ಎಂದಿದ್ದರು. ಅವರು ಮಾಡುತ್ತಿದ್ದುದಕ್ಕೆ ಈಗ ಸಾಕ್ಷ್ಯಚಿತ್ರ ಎನ್ನುತ್ತಾರೆ. ಆಗ ಆ ಶಬ್ದ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಮಾಸ್ತರು ಅದನ್ನು "ಖರೇ ಚಿತ್ರ" ಎನ್ನುತ್ತಿದ್ದರು. ಯಾರೂ ವೇಷ ಹಾಕಬಾರದು, ಯಾರಿಗೂ ಹೀಗೆ ಮಾಡು ಹಾಗೆ ಮಾಡು ಎಂದು ಹೇಳಬಾರದು, ಇದ್ದದ್ದು ಇದ್ದ ಹಾಗೆ.

ನಮ್ಮ ಮೂರನೆಯವರು ಹುಸೇನಸಾಬರು, ಹುಬ್ಬಳ್ಳಿಯವರು. ಟೆಂಟ್ ಸಿನಿಮಾದಲ್ಲಿ ಮಶೀನು ತಿರುಗಿಸುತ್ತ ಆ ವಿದ್ಯೆ ಕಲಿತವರು. ಮಾಸ್ತರು ತೆಗೆದದ್ದನ್ನು ಕಟ್ಟಿಗೆಯ ಡ್ರಮ್ಮಿಗೆ ಸುತ್ತಿ, ಔಷಧದ ನೀರಲ್ಲಿ ತೊಳೆದು, ಒಣಗಿಸಿ, ಪ್ರಿಂಟು ಮಾಡುವ ಕೆಲಸ ಅವರದು. ಮಳೆಗಾಲದಲ್ಲಿ ಫಿಲ್ಮು ಒಣಗುತ್ತಿರಲಿಲ್ಲ. ಬೆಂಕಿಯಂತೂ ಹತ್ತಿರ ತರುವ ಹಾಗಿಲ್ಲ, ಆಗಿನ ಫಿಲ್ಮಿಗೆ ಒಂದು ಕಿಡಿ ಸಾಕಿತ್ತು. ಸಾಬರು ಬೀಸಣಿಗೆ ಹಿಡಿದು ಕೂಸಿಗೆ ಗಾಳಿ ಹಾಕುವಂತೆ ಡ್ರಮ್ಮಿಗೆ ಗಾಳಿ ಹಾಕುತ್ತ ಕೂಡುತ್ತಿದ್ದರು. ನನ್ನ ಕೆಲಸ ಜೋಡಿಸುವುದು, ಮತ್ತು ಚಿತ್ರದ ನಡುವೆ ಬರುವ ಮಾತುಗಳನ್ನು ಬರೆಯುವುದು.

ಎರಡು ವರ್ಷದಿಂದ ನಾವು ಒಂದೇ ಚಿತ್ರ ಮಾಡುತ್ತಿದ್ದೆವು. ಮುಗದದ ಭತ್ತದ ಚಿತ್ರ. ಬಿತ್ತುವುದರಿಂದ ಹಿಡಿದು ಕೊಯ್ದು ಬಡಿಯುವವರೆಗೆ ಒಂದು ಮನೆಯವರ ಒಂದು ವರ್ಷ. ರವಿವಾರ ಬಂದರೆ ಧಾರವಾಡ ಸ್ಟೇಶನ್ನಿನಲ್ಲಿ ಅಳ್ನಾವರದ ಕಡೆಯ ಗಾಡಿ ಹತ್ತಿ, ಮುಗದದಲ್ಲಿ ಇಳಿದು, ಕೆಸರಿನ ದಾರಿಯಲ್ಲಿ ಕ್ಯಾಮೆರಾದ ಪೆಟ್ಟಿಗೆ ಹೊತ್ತು ಹೋಗುತ್ತಿದ್ದೆವು. ಆ ಮನೆ ಗಂಗವ್ವನದು. ಗಂಡ ಸತ್ತು ಬಹಳ ವರ್ಷ ಆಗಿತ್ತು. ಕೆರೆಯ ಕೆಳಗೆ ಒಂದಿಷ್ಟು ಭತ್ತದ ಗದ್ದೆ, ಒಂದು ಜೋಡಿ ಎತ್ತು, ಒಬ್ಬನೇ ಮಗ ಮಲ್ಲೇಶಿ. ಅವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಮೊದಮೊದಲು ಕ್ಯಾಮೆರಾ ಕಂಡರೆ ಸಾಕು, ನಗು ತಡೆಯದೆ ಕೂರಿಗೆ ಬಿಟ್ಟು ಕೂತುಬಿಡುತ್ತಿದ್ದ. "ಏ ಮಲ್ಲ್ಯಾ, ಅದೂ ಒಂದು ಎತ್ತು ಅಂತ ತಿಳಕೋ, ನೋಡಿದ್ರ ನೋಡ್ಲಿ" ಎಂದು ಸಾಬರು ಅವನಿಗೆ ಹೇಳಿಕೊಟ್ಟರು. ವರ್ಷ ಕಳೆಯುವುದರೊಳಗೆ ಅವನಿಗೆ ನಾವು ಅಲ್ಲಿರುವುದೇ ಮರೆತುಹೋಗುವಷ್ಟು ರೂಢಿಯಾಯಿತು. ಗಂಗವ್ವ ನಮ್ಮನ್ನು ಬರಿಹೊಟ್ಟೆಯಲ್ಲಿ ಕಳಿಸುತ್ತಿರಲಿಲ್ಲ. ರೊಟ್ಟಿ, ಪುಂಡಿಪಲ್ಲೆ, ಬಟ್ಟಲು ತುಂಬ ಮಜ್ಜಿಗೆ. ನನಗೆ "ಅಕ್ಕೋರ" ಎನ್ನುತ್ತಿದ್ದಳು, ಸಾಲೆ ಕಲಿಸುವವಳೆಂದು.

ನಾವು ತೆಗೆದದ್ದರಲ್ಲೆಲ್ಲ ಒಂದು ತುಂಡು ಬಹಳ ಚಂದ ಬಂದಿತ್ತು. ಬಿತ್ತಿಗೆ ಶುರುವಾಗುವ ದಿನದ ಮುಂಜಾನೆ ಗಂಗವ್ವ ಮಗನನ್ನು ಬಾಗಿಲಲ್ಲಿ ನಿಲ್ಲಿಸಿ ಹಣೆಗೆ ವಿಭೂತಿ ಹಚ್ಚಿದಳು. ಹೆಚ್ಚಾಗಿ ಹುಬ್ಬಿನ ಮೇಲೆ ಉದುರಿದ್ದನ್ನು ಸೆರಗಿನ ತುದಿಯಿಂದ ಒರೆಸಿದಳು. ಒರೆಸಿದ ಮೇಲೂ ಆ ಕೈ ಅವನ ಕೆನ್ನೆಯ ಮೇಲೆ ಒಂದು ಗಳಿಗೆ ಹಾಗೇ ನಿಂತಿತು. ಮಾಸ್ತರು ಹೇಳದೆ ಕೇಳದೆ ಅದನ್ನು ತೆಗೆದಿದ್ದರು. ಮದಿಹಾಳದ ಗೋಡೆಯ ಮೇಲೆ ಅದನ್ನು ಮೊದಲ ಸಲ ನೋಡಿದ ದಿನ ಸಾಬರು ಯಾರೂ ಕೇಳದೆಯೇ ಇನ್ನೊಮ್ಮೆ ತಿರುಗಿಸಿದರು.

ಇನ್ನು ಉಳಿದದ್ದು ಸುಗ್ಗಿ ಒಂದೇ, ಎರಡೂ ವರ್ಷ ಅದರ ಹೊತ್ತಿಗೆ ಫಿಲ್ಮು ತೀರಿಹೋಗಿತ್ತು. ಆದರೆ ಯುದ್ಧ ನಾಲ್ಕನೆಯ ವರ್ಷಕ್ಕೆ ಬಂದಿತ್ತು. ಫಿಲ್ಮು ಬೇಕಾದರೆ ಸರಕಾರದ ಪರವಾನಗಿ ಬೇಕು ಎಂದಾಯಿತು. ಮಾಸ್ತರು ಬರೆದ ಅರ್ಜಿಗೆ ಮುಂಬೈಯಿಂದ ಒಂದೇ ಸಾಲಿನ ಉತ್ತರ ಬಂತು. ಇಂಥ ಚಿತ್ರ ಅವಶ್ಯವಿಲ್ಲ ಎಂದು.

ಆಷಾಢದಲ್ಲಿ ಅಲ್ಲಿಂದಲೇ ಯುದ್ಧಪ್ರಚಾರ ಇಲಾಖೆಯ ಒಬ್ಬ ಅಧಿಕಾರಿ ಬಂದ. ಕೋಟಿನ ತೋಳಿನಿಂದ ನೀರು ಸೋರುತ್ತಿತ್ತು. ಸಾಬರು ಕೊಟ್ಟ ಚಹಾ ಕುಡಿಯುತ್ತ ನಮ್ಮ ಭತ್ತದ ಚಿತ್ರ ನೋಡಿದ, ನಿಜವಾಗಿಯೂ ಮೆಚ್ಚಿದ. ಆಮೇಲೆ ವಿಷಯಕ್ಕೆ ಬಂದ. ಈ ಕಡೆಯ ಹಳ್ಳಿಗಳಿಂದ ಸೈನ್ಯಕ್ಕೆ ಜನ ಸೇರಬೇಕು, ಅದಕ್ಕೊಂದು ಸಣ್ಣ ಕನ್ನಡ ಚಿತ್ರ ಬೇಕು. ನೀವು ಮಾಡಿಕೊಟ್ಟರೆ ಫಿಲ್ಮು ನಾವು ಕೊಡುತ್ತೇವೆ, ಮಿಕ್ಕದ್ದರಲ್ಲಿ ನಿಮ್ಮ ಸುಗ್ಗಿ ತೆಗೆದುಕೊಳ್ಳಿ.

ಅವನು ಮಳೆಯಲ್ಲೇ ಹೋದ. ಸಾಬರು ಡ್ರಮ್ಮು ಒರೆಸುತ್ತ ಕೂತರು. ಮಾಸ್ತರು ನನ್ನ ಕಡೆ ತಿರುಗಿದರು.

"ನಿಮ್ಮ ಅಣ್ಣ ಜೇಲಿನಾಗ ಇದ್ದಾರ, ಇಂದಿರಾಬಾಯಿ. ನೀವು ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನಿ. ನೀವ ಹೇಳ್ರಿ."

ಅವರು ಅದನ್ನು ನನ್ನ ಮೇಲೆ ಹಾಕಬಾರದಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಅವರು ಕೇಳಿದ್ದು ಮರ್ಯಾದೆಯಿಂದ, ಹೇಳಿದವಳು ನಾನು. "ಸುಗ್ಗಿ ಇಲ್ಲದ ಭತ್ತದ ಚಿತ್ರ ಯಾರು ನೋಡ್ತಾರ್ರಿ? ಒಂದು ಸಣ್ಣ ಚಿತ್ರ, ಮಾಡಿ ಕೊಟ್ಟುಬಿಡೋಣು" ಎಂದೆ. ಎರಡು ವರ್ಷದ ಕೆಲಸ ಡಬ್ಬಿಯಲ್ಲಿ ಕೂತಿತ್ತು. ಅದು ಮುಗಿಯಬೇಕಿತ್ತು. ಆಗ ನನಗೆ ಬೇರೇನೂ ಕಾಣಲಿಲ್ಲ.

ಆ ತಿಂಗಳು ಅಣ್ಣನನ್ನು ನೋಡಲು ಹಿಂಡಲಗಿಗೆ ಹೋಗಿದ್ದೆ. ತೆಳ್ಳಗಾಗಿದ್ದ. "ನಿಮ್ಮ ಮುಗದದ ಚಿತ್ರ ಎಲ್ಲಿಗೆ ಬಂತು?" ಎಂದು ಕೇಳಿದ. "ಮುಗಿಲಿಕ್ಕೆ ಬಂತು" ಎಂದೆ. ಉಳಿದದ್ದನ್ನು ಹೇಳಲಿಲ್ಲ.

ಸಿಪಾಯಿಯ ಪಾತ್ರಕ್ಕೆ ಯಾರು? ಇಲಾಖೆಯಿಂದ ಖಾಕಿ ಬಟ್ಟೆ, ಬೂಟು, ಪಟ್ಟಿ ಎಲ್ಲ ಬಂದಿತ್ತು. ಕ್ಯಾಮೆರಾದ ಮುಂದೆ ನಾಚದೆ ನಡೆಯುವ ಹುಡುಗ ನಮಗೆ ಗೊತ್ತಿದ್ದವನು ಒಬ್ಬನೇ. ಮಲ್ಲೇಶಿ ಖುಷಿಯಿಂದ ಬಂದ. ಶ್ರಾವಣದಲ್ಲಿ ಒಂದು ದಿನ ಮಳೆ ಹೊಳವಾದಾಗ ಲಕಮನಹಳ್ಳಿಯ ಬಯಲಿನಲ್ಲಿ ಅವನನ್ನು ನಡೆಸಿದೆವು. ಬೂಟು ಹಾಕಿ ರೂಢಿಯಿಲ್ಲದ ಕಾಲು, ಹಿಮ್ಮಡಿ ಸುಲಿಯಿತು. "ಇದರಾಗ ಲಡಾಯಿ ಹ್ಯಾಂಗ ಮಾಡ್ತಾರ್ರಿ ಮಾಸ್ತರ, ನಿಂದ್ರಾಕ ಬರವಲ್ದು!" ಎಂದು ನಗುತ್ತಲೇ ನಡೆದ. ಸಂಜೆ ಖಾಕಿ ಬಟ್ಟೆ ಮಡಚಿಕೊಟ್ಟು, ತನ್ನ ಧೋತರ ಉಟ್ಟು, ಗಾಡಿ ಹತ್ತಿದ.

ಜೋಡಿಸಲು ಕೂತಾಗ ನನಗೊಂದು ತೊಡಕು ಕಂಡಿತು. ಮೊದಲು ಹಳ್ಳಿಯ ಮನೆ, ಆಮೇಲೆ ಒಮ್ಮೆಲೇ ಸಿಪಾಯಿ. ನಡುವೆ ಏನೂ ಇಲ್ಲ. ಮನೆ ಬಿಟ್ಟು ಹೋಗುವುದು ಎದೆಗೆ ತಟ್ಟುತ್ತಿರಲಿಲ್ಲ. ಒಂದು ಸಂಜೆ ಭತ್ತದ ಚಿತ್ರದ ಡಬ್ಬಿ ತೆರೆದು, ಗಂಗವ್ವ ವಿಭೂತಿ ಹಚ್ಚುವ ತುಂಡು ಹೊರಗೆ ತೆಗೆದೆ. ಮನೆಗೂ ಸಿಪಾಯಿಗೂ ನಡುವೆ ಇಟ್ಟು ಅಂಟಿಸಿದೆ.

ಹುಸೇನಸಾಬರು ಮಶೀನು ತಿರುಗಿಸಿ ನೋಡಿದರು. "ಅಕ್ಕೋರ, ಇದು ಬಿತ್ತಿಗಿ ದಿನದ್ದಲ್ಲೇನ್ರಿ?"

"ಹೌದು. ನೋಡವರಿಗೇನು ಗೊತ್ತಾಗ್ತದ?"

"ಅಕಿಗೆ ಗೊತ್ತಾಕ್ಕೈತಲ್ರಿ" ಎಂದರು ಸಾಬರು ಮೆಲ್ಲಗೆ.

ಮಾಸ್ತರು ಗೋಡೆಯ ಕಡೆ ನೋಡುತ್ತ ನಿಂತರು. ಇದ್ದದ್ದು ಇದ್ದ ಹಾಗೆ ಎನ್ನುತ್ತಿದ್ದವರು. ಕೊನೆಗೆ "ಛಲೋ ಕೂತದ" ಎಂದರು. ಆ ಎರಡು ಶಬ್ದಕ್ಕೆ ನಾನು ಉಬ್ಬಿಹೋದೆ. ಇಂಥ ಜೋಡಣೆ ಮುಂಬೈಯಲ್ಲೂ ಯಾರೂ ಮಾಡಲಾರರು ಎಂದುಕೊಂಡೆ. ಆ ತುಂಡಿನ ಜೊತೆಗೆ ಹೇಳುವ ಮಾತನ್ನು ಅಲ್ಲೇ ಕೂತು ಬರೆದೆ: ಹೋಗಿ ಬಾ ಮಗನ, ನಾ ಹೆದರಂಗಿಲ್ಲ, ನೀನೂ ಹೆದರಬ್ಯಾಡ.

ಚಿತ್ರಕ್ಕೆ ಧ್ವನಿ ಇರಲಿಲ್ಲ. ಇಲಾಖೆಯ ಮೋಟಾರು ಊರೂರಿಗೆ ಹೋಗಿ ಪರದೆ ಕಟ್ಟಿ ಚಿತ್ರ ತೋರಿಸುವಾಗ ಪಕ್ಕದಲ್ಲಿ ನಿಂತು ಮೈಕಿನಲ್ಲಿ ಮಾತು ಹೇಳಬೇಕು. ತಾಯಿಯ ಮಾತು ಹೆಣ್ಣುದನಿಯಲ್ಲೇ ಬರಲಿ ಎಂದರು ಮಾಸ್ತರು. ಭಾದ್ರಪದದಲ್ಲಿ, ಚೌತಿ ಆದ ಮೇಲೆ, ಮೊದಲ ಆಟ ಮುಗದದಲ್ಲೇ ಆಯಿತು. ಹೊತ್ತು ಮುಳುಗಿದ ಕೂಡಲೇ ಊರ ಮಂದಿಯೆಲ್ಲ ಬಂದು ಕೂತರು. ಮಲ್ಲೇಶಿ ತನ್ನನ್ನು ತಾನು ಪರದೆಯ ಮೇಲೆ ನೋಡಿದ್ದು ಅದೇ ಮೊದಲು. ಮನೆಯ ಎತ್ತರದ ಸಿಪಾಯಿ! ಹುಡುಗರು ಸಿಳ್ಳು ಹೊಡೆದರು. ಗಂಗವ್ವ ಹೆಂಗಸರ ನಡುವೆ ಕೂತಿದ್ದಳು. ಪರದೆಯ ಮೇಲೆ ಅವಳ ಕೈ ಮಗನ ಹಣೆಯ ಹತ್ತಿರ ಬಂತು. ನಾನು ಮೈಕಿನಲ್ಲಿ, ದನಿ ತುಸು ನಡುಗಿಸಿ, "ಹೋಗಿ ಬಾ ಮಗನ" ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು. ಗಂಗವ್ವನ ಮುಖ ಕತ್ತಲಲ್ಲಿ ನನಗೆ ಕಾಣಲಿಲ್ಲ. ನೋಡಲು ನಾನು ಪ್ರಯತ್ನವನ್ನೂ ಮಾಡಲಿಲ್ಲ.

ಬನ್ನಿ ಹಬ್ಬ ಮುಗಿದು ನಾಲ್ಕೈದು ದಿನಕ್ಕೆ ಮಲ್ಲೇಶಿ ಮದಿಹಾಳಕ್ಕೆ ಬಂದ. ಕೈಯಲ್ಲಿ ಒಂದು ಗಂಟು. ನಾಳೆ ಬೆಳಗಾವಿಗೆ ಹೊರಟಿದ್ದೇನೆ, ಸೈನ್ಯಕ್ಕೆ ಹೆಸರು ಕೊಟ್ಟಿದ್ದೇನೆ ಎಂದ. ಮಾಸ್ತರು ಕೂತಲ್ಲಿಂದ ಎದ್ದುಬಿಟ್ಟರು.

"ಯಾಕೋ? ನಿನಗ ಯಾರು ಹೇಳಿದರು? ಅದು ಚಿತ್ರ, ಮಲ್ಲೇಶಿ, ಚಿತ್ರ!"

"ಮಂದಿ ಬಿಡವಲ್ರು ಮಾಸ್ತರ. ಗದ್ದಿಗೆ ಹೊಂಟ್ರೂ ಸಿನಿಮಾ ಸಿಪಾಯಿ, ಬಾವಿಗೆ ಹೊಂಟ್ರೂ ಸಿನಿಮಾ ಸಿಪಾಯಿ. ಹೆಂಗಸರ ಮುಂದೆಲ್ಲ ಅಂತಾರ್ರಿ. ಖರೇನ ಹೋಗಿ ಬಂದ್ರ ಬಾಯಿ ಮುಚ್ಕೋತಾರ."

"ನಿಮ್ಮವ್ವ ಏನಂದಳು?" ನಾನು ಕೇಳಿದೆ.

"ಬ್ಯಾಡ ಅಂತ ಅಳಾಕತ್ತಾಳ್ರಿ." ಅವನು ತಲೆ ಕೆರೆದುಕೊಂಡು ನಕ್ಕ. "ನಾ ಅಂದೆ, ಈಗ ಅತ್ತರ ಏನ್ ಬಂತು, ಚಿತ್ರದಾಗ ನೀನ ಕಳಿಸೀಯಲ್ಲ ಅಂತ."

ಚೇಷ್ಟೆಗೆ ಹೇಳಿದ್ದು ಅದು. ಮಾಸ್ತರು ಅರ್ಧ ತಾಸು ಅವನಿಗೆ ತಿಳಿಸಿ ಹೇಳಿದರು, ಕಡೆಗೆ ಕೈ ಹಿಡಿದುಕೊಂಡು ಬೇಡಿಕೊಂಡರು. "ಕೊಟ್ಟ ಹೆಸರು ತಿರುಗಿ ಬರಂಗಿಲ್ರಿ" ಎಂದು ಎಲ್ಲರ ಕಾಲು ಮುಟ್ಟಿ ನಮಸ್ಕರಿಸಿ ಹೋದ.

ಕಾರ್ತೀಕದಲ್ಲಿ ಇಲಾಖೆ ಕೊಟ್ಟ ಮಾತಿನಂತೆ ಹೊಸ ಫಿಲ್ಮಿನ ಡಬ್ಬಿಗಳು ಬಂದವು. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆವೋ ಅದು ಕೈಗೆ ಬಂದಿತ್ತು. ಸುಗ್ಗಿ ತೆಗೆಯಲು ಮುಗದಕ್ಕೆ ಹೋದೆವು. ಗದ್ದೆ ಬಂಗಾರದ ಬಣ್ಣಕ್ಕೆ ತಿರುಗಿತ್ತು, ಬಿಸಿಲು ಮಾಸ್ತರು ಎರಡು ವರ್ಷ ಬಯಸಿದಂಥದೇ ಇತ್ತು. ಗಂಗವ್ವ ನಾಲ್ಕು ಆಳು ಮಾಡಿಕೊಂಡು ಕೊಯ್ಯುತ್ತಿದ್ದಳು. ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಮಾಸ್ತರು ಬದುವಿನ ಮೇಲೆ ಕ್ಯಾಮೆರಾ ಇಟ್ಟರು. ಅವಳು ಕೊಯ್ಯುತ್ತಿದ್ದ ಹಾಗೇ ಬೆನ್ನು ಈ ಕಡೆ ತಿರುಗಿಸಿದಳು. ಕ್ಯಾಮೆರಾ ಹೊತ್ತುಕೊಂಡು ಆಚೆಯ ಬದುವಿಗೆ ಹೋದರು. ಅವಳು ಮತ್ತೆ ತಿರುಗಿದಳು. ಕೆರೆಯ ಏರಿಯ ಮೇಲೆ ಹೋಗಿ ನಿಂತರು. ಅಷ್ಟು ದೂರದಿಂದಲೂ ನಮಗೆ ಕಂಡದ್ದು ಅವಳ ಬೆನ್ನು, ಸೆರಗು ಹೊದ್ದ ತಲೆ. ಮಾಸ್ತರು ಕ್ಯಾಮೆರಾದ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಒಂದು ಸುತ್ತೂ ತಿರುಗಿಸಲಿಲ್ಲ. "ನಡೀರಿ" ಎಂದರು. ಆ ದಿನ ನಾವು ಊಟ ಮಾಡದೆ ಗಾಡಿ ಹತ್ತಿದೆವು.

ಆಮೇಲಿನ ತಿಂಗಳುಗಳು ಹೇಗೆ ಹೋದವೋ ಸರಿಯಾಗಿ ನೆನಪಿಲ್ಲ. ಸಂಜೆ ಮದಿಹಾಳಕ್ಕೆ ಹೋಗುತ್ತಿದ್ದೆ, ಜೋಡಿಸಲು ಏನೂ ಇರುತ್ತಿರಲಿಲ್ಲ. ಸಾಬರು ಮಶೀನಿಗೆ ಎಣ್ಣೆ ಬಿಡುತ್ತಿದ್ದರು. ಮಾಸ್ತರು ಕಿಟಕಿಯ ಹತ್ತಿರ ಕೂತು ಕಾಗದದ ಮೇಲೆ ಎತ್ತಿನ ಚಿತ್ರ ಬರೆದು ಬರೆದು ಹರಿಯುತ್ತಿದ್ದರು. ಬೇಸಗೆಯಲ್ಲಿ ಅಣ್ಣ ಬಿಡುಗಡೆಯಾಗಿ ಬಂದ. ನಾನು ಏನು ಮಾಡಿದ್ದೆನೆಂದು ಅವನಿಗೆ ಜೇಲಿನಲ್ಲೇ ಯಾರೋ ಹೇಳಿದ್ದರು. ಬೈಯಲಿಲ್ಲ. ಬದುಕಿದ್ದಷ್ಟು ದಿನ ಆ ಮಾತೇ ಎತ್ತಲಿಲ್ಲ, ನಾನು ಎತ್ತಹೋದರೆ ಎದ್ದು ಹೋಗುತ್ತಿದ್ದ.

ಮುಂದಿನ ಶ್ರಾವಣ ಬಂತು. ಒಂದು ದಿನ ಮಧ್ಯಾಹ್ನ, ಸಾಲೆಗೆ ಸೂಟಿ ಇತ್ತು, ನಾವು ಮೂವರೂ ಅಲ್ಲಿದ್ದೆವು. ಬಾಗಿಲಲ್ಲಿ ಗಂಗವ್ವ ನಿಂತಿದ್ದಳು. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಮೊಣಕಾಲವರೆಗೆ ಕೆಸರು. ಒಬ್ಬಳೇ ಗಾಡಿ ಹತ್ತಿ ಬಂದಿದ್ದಳು. ಸೊಂಟದ ಚೀಲದಿಂದ ಒಂದು ಕಾಗದ ತೆಗೆದು ಮಾಸ್ತರ ಕೈಯಲ್ಲಿಟ್ಟಳು.

"ಊರ ಸಾಲಿ ಮಾಸ್ತರ ಓದಿ ಹೇಳ್ಯಾರ್ರಿ. ನೀವೂ ಒಮ್ಮಿ ಓದ್ರಿ. ಅವ್ರು ಓದಿದ್ದು ಸುಳ್ಳಿದ್ರ ಹೇಳ್ರಿ."

ಮಾಸ್ತರು ಓದಿದರು. ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಕಾಗದ, ಹೆಸರಿನ ಜಾಗ ಮಾತ್ರ ಕೈಯಿಂದ ಬರೆದದ್ದು. ಬರ್ಮಾದ ಕಡೆ, ಜ್ವರದಿಂದ. ಗುಂಡು ತಾಗಿ ಕೂಡ ಅಲ್ಲ. ಗಂಗವ್ವ ಕಾಗದ ವಾಪಸು ತೆಗೆದುಕೊಂಡು ಮೊದಲಿದ್ದ ಹಾಗೇ ಮಡಚಿದಳು.

"ಮಣ್ಣು ಕೊಡಾಕೂ ಸಿಗಲಿಲ್ಲ" ಎಂದಳು. "ನಿಮ್ಮ ಹತ್ರ ಅವನ ಚಿತ್ರ ಐತಲ್ಲ. ಒಮ್ಮಿ ತೋರ್ಸ್ರಿ. ಸಿಪಾಯಿ ವೇಷದ್ದು ಬ್ಯಾಡ. ನಾ ವಿಭೂತಿ ಹಚ್ಚೂದು ಐತಲ್ಲ, ಅದು ತೋರ್ಸ್ರಿ."

ಆ ತುಂಡು ನಮ್ಮಲ್ಲಿರಲಿಲ್ಲ. ಸೈನ್ಯದ ಚಿತ್ರದ ಜೊತೆ ಅದರ ನೆಗೆಟಿವ್ವೂ ಮುಂಬೈಗೆ ಹೋಗಿತ್ತು. ಹೇಳಬೇಕಾದವಳು ನಾನೇ, ಹೇಳಿದೆ. "ಅದು ಇಲ್ಲ ಗಂಗವ್ವ. ನಾನು ಅದನ್ನ ಕತ್ತರಿಸಿ ಕೊಟ್ಟುಬಿಟ್ಟೆ."

ಅವಳು ನನ್ನನ್ನು ನೋಡಿದಳು.

"ಗದ್ದಿಯಾಗಿಂದು ಐತವ್ವಾ" ಎಂದರು ಹುಸೇನಸಾಬರು. "ಕೂರಿಗಿ ಹೊಡಿಯೂದು. ಕೂಡು."

ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದೆವು. ಸಾಬರು ಮಶೀನು ತಿರುಗಿಸತೊಡಗಿದರು. ಗೋಡೆಯ ಮೇಲೆ ಗದ್ದೆ ಬಂತು, ಎತ್ತು ಬಂದವು, ಎತ್ತಿನ ಹಿಂದೆ ಮಲ್ಲೇಶಿ. ಸಾಲಿನ ತುದಿಗೆ ಹೋಗಿ, ಕೂರಿಗೆ ಎತ್ತಿ ತಿರುಗಿಸಿಕೊಂಡು, ನಮ್ಮ ಕಡೆಗೆ ಬರತೊಡಗಿದ. ಹತ್ತಿರ ಬಂದಂತೆ ದೊಡ್ಡವನಾಗುತ್ತ ಬಂದ. ಗಂಗವ್ವ ಎದ್ದು ನಿಂತಳು.

"ನಿಂದರಸ್ರಿ! ಸಾಬ್ರ, ಅಲ್ಲೇ ನಿಂದರಸ್ರಿ, ಮಕ ನೋಡ್ತೇನಿ."

"ನಿಂದರಿಸಿದ್ರ ದೀಪದ ಕಾವಿಗೆ ಸುಟ್ಟು ಹೊಕ್ಕೈತವ್ವಾ. ನಿಂದರಿಸಾಕ ಬರಂಗಿಲ್ಲ." ಸಾಬರು ಎಷ್ಟು ನಿಧಾನ ತಿರುಗಿಸಲು ಧೈರ್ಯ ಬಂತೋ ಅಷ್ಟು ನಿಧಾನ ತಿರುಗಿಸಿದರು. ಮಲ್ಲೇಶಿ ನೀರಿನಲ್ಲಿ ನಡೆದಂತೆ ನಡೆದು, ಗೋಡೆಯ ಅಂಚಿನಿಂದ ಆಚೆ ಹೋದ.

"ಇನ್ನೊಮ್ಮಿ."

ಸುತ್ತಿಕೊಂಡು ಮತ್ತೆ ತೋರಿಸಿದರು. ಮತ್ತೊಮ್ಮೆ. ನಾಲ್ಕನೆಯ ಸಲವೋ ಐದನೆಯ ಸಲವೋ, ಅವನು ಸಾಲಿನ ತುದಿಯಲ್ಲಿ ತಿರುಗುವ ಹೊತ್ತಿಗೆ ಅವಳು ಗೋಡೆಯ ಹತ್ತಿರ ಹೋಗಿ, ಗದ್ದೆಯ ಬದುವಿನಲ್ಲಿ ನಿಂತು ಕೂಗುವವಳಂತೆ ಕೂಗಿದಳು. "ಮಲ್ಲ್ಯಾ! ಎತ್ತು ಬಿಡೋ, ಹೊತ್ತಾತು! ರೊಟ್ಟಿ ಆರತಾವು, ಬಾ!" ಅವನು ಅವಳ ಕಡೆಗೇ ನಡೆದು ಬಂದ. ಬಂದು, ಪ್ರತಿ ಸಲ ಹೋದ ಹಾಗೆ, ಹೋಗಿಬಿಟ್ಟ. ಏಳನೆಯ ಸಲ ನಾನು ಹಾಕಿದ್ದ ಒಂದು ಜೋಡಣೆ ಬಿಟ್ಟಿತು, ಫಿಲ್ಮು ಹರಿದು ಗೋಡೆಯ ಮೇಲೆ ಬರಿ ಬೆಳಕು ಉಳಿಯಿತು. ಸಾಬರು ಮಶೀನಿನ ಮೇಲೆ ತಲೆಯಿಟ್ಟು ಅತ್ತರು. ಮಾಸ್ತರು ಕಂಬಳಿ ಬಿಚ್ಚಿದರು.

ಗಂಗವ್ವ ಕೊಪ್ಪೆ ಹಾಕಿಕೊಂಡು ಹೊರಟವಳು ನನ್ನ ಮುಂದೆ ನಿಂತಳು.

"ಆವತ್ತು 'ಹೋಗಿ ಬಾ ಮಗನ' ಅಂದಾಕಿ ನೀನ ಅಲ್ಲ?"

ಮೊದಲ ಬಾರಿ ನನಗೆ ನೀನು ಎಂದಿದ್ದಳು. ನಾನು ಹೌದೆಂದು ತಲೆ ಆಡಿಸಿದೆ.

"ನಾ ಹಂಗ ಅಂದಿದ್ದಿಲ್ಲ" ಎಂದಳು. ದನಿ ಏರಿಸಲಿಲ್ಲ. "ನಾ ಬ್ಯಾಡಂದಿದ್ದೆ. ನಾಕ ದಿವಸ ಹಗಲೆಲ್ಲ ಬ್ಯಾಡ ಬ್ಯಾಡ ಅಂದೆ. ನನ್ನ ಮಾತು ಕೇಳಲಿಲ್ಲ, ನಿನ್ನ ಮಾತು ಕೇಳಿ ಹ್ವಾದ."

ಆ ಮಳೆಯಲ್ಲಿ ಅವಳನ್ನು ಸ್ಟೇಶನ್ನಿನವರೆಗೆ ಸಾಬರು ಕಳಿಸಿ ಬಂದರು. ನಾನು ಹರಿದ ಫಿಲ್ಮು ಹಿಡಿದು ಅಲ್ಲೇ ಕೂತಿದ್ದೆ.

ಇಲಾಖೆಯವರು ಇನ್ನೊಂದು ಚಿತ್ರ ಕೇಳಿ ಕಾಗದ ಬರೆದರು. ಮೊದಲನೆಯದು ಬಹಳ ಊರುಗಳಲ್ಲಿ ಓಡಿತೆಂದೂ, ಅದರಲ್ಲಿ ತಾಯಿಯ ಪ್ರಸಂಗ ಎಲ್ಲರಿಗೂ ಹಿಡಿಸಿತೆಂದೂ ಬರೆದಿದ್ದರು. ಮಾಸ್ತರು ಉತ್ತರ ಬರೆಯಲಿಲ್ಲ. ಮುಟ್ಟದೆ ಉಳಿದಿದ್ದ ಡಬ್ಬಿಗಳನ್ನು ಹಾಗೇ ಕಟ್ಟಿ ವಾಪಸು ಕಳಿಸಿದರು. ಆಮೇಲೆ ಅವರಿಗೆ ಪರವಾನಗಿ ಯಾರು ಕೊಡುತ್ತಾರೆ? ಅವರೂ ಕೇಳಲಿಲ್ಲ. ಗದಗಿನ ಕಡೆ ಒಂದು ಸಾಲೆಯಲ್ಲಿ ಮತ್ತೆ ಚಿತ್ರಕಲೆ ಕಲಿಸಲು ಹೋದರು. ಹೋಗುವಾಗ ಕ್ಯಾಮೆರಾ ಸಾಬರಿಗೆ ಕೊಟ್ಟರು. ಸಾಬರು ಹುಬ್ಬಳ್ಳಿಗೆ ಹೋಗಿ ಸಿನಿಮಾ ಮಂದಿರದಲ್ಲಿ ಮಶೀನಿನ ಕೆಲಸ ಹಿಡಿದರು. ಅವರ ಮಗಳ ಮದುವೆಗೆ ಹೋದಾಗ ನೋಡಿದೆ, ಕ್ಯಾಮೆರಾ ಅರಿವೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಒಬ್ಬರನ್ನೊಬ್ಬರು ಕಂಡಾಗ ನಾವು ಮಕ್ಕಳು ಮರಿ ಎಲ್ಲ ಮಾತಾಡುತ್ತಿದ್ದೆವು, ಮುಗದ ಒಂದನ್ನು ಬಿಟ್ಟು. ಭತ್ತದ ಚಿತ್ರದ ಡಬ್ಬಿಗಳು ಕೆಲವು ವರ್ಷ ನಮ್ಮ ಮನೆಯಲ್ಲಿದ್ದವು. ಆ ಫಿಲ್ಮು ಮನೆಯಲ್ಲಿಡುವುದು ಅಪಾಯ ಎಂದು ಸಾಬರೇ ಬಂದು ಒಯ್ದು, ಸತ್ತೂರಿನ ಆಚೆಯ ಬಯಲಿನಲ್ಲಿ ಸುಟ್ಟರು. ನಾನು ಜೊತೆಗೆ ಹೋಗಲಿಲ್ಲ.

ಆದರೆ ಅದಕ್ಕೂ ಮೊದಲು, ಗಂಗವ್ವ ಬಂದುಹೋದ ಆ ವರ್ಷದ ಕಾರ್ತೀಕದಲ್ಲಿ, ನಾನೊಬ್ಬಳೇ ಮುಗದಕ್ಕೆ ಹೋಗಿದ್ದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಗಾಡಿಯಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಗದ್ದೆಯ ಬದುವಿನ ಮೇಲೆ ನಿಂತಾಗ ಒಂದೂ ಉಳಿಯಲಿಲ್ಲ. ಆ ವರ್ಷ ಆಳು ಸಿಕ್ಕಿರಲಿಲ್ಲವೇನೋ, ಅವಳು ಒಬ್ಬಳೇ ಕೊಯ್ಯುತ್ತಿದ್ದಳು. ನನ್ನನ್ನು ನೋಡಿದಳು. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ಕ್ಯಾಮೆರಾ ತಂದೀಯೇನು?"

"ಇಲ್ಲ ಯವ್ವಾ."

ಅವಳು ಬದುವಿನ ಮೇಲಿದ್ದ ಇನ್ನೊಂದು ಕುಡುಗೋಲಿನ ಕಡೆ ಕೈ ಮಾಡಿ ತೋರಿಸಿ, ಮತ್ತೆ ಬಗ್ಗಿದಳು. ನಾನು ಸೀರೆ ಎತ್ತಿಕಟ್ಟಿ ಇಳಿದೆ. ನನಗೆ ಕೊಯ್ಯಲು ಬರುತ್ತಿರಲಿಲ್ಲ. ಎರಡು ವರ್ಷ ಆ ಗದ್ದೆಯನ್ನು ತುಂಡು ತುಂಡಾಗಿ ಕಣ್ಣಿಗೆ ಹಿಡಿದು ನೋಡಿದವಳು, ಒಂದು ಪೆಂಡಿ ಕಟ್ಟುವುದನ್ನೂ ಕಲಿತಿರಲಿಲ್ಲ. ಅವಳು ಎರಡು ಸಲ ನನ್ನ ಕೈ ಹಿಡಿದು ತಿದ್ದಿದಳು. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬಿಸಿಲು ಇಳಿಯುವವರೆಗೆ ಇಬ್ಬರೂ ಕೊಯ್ದೆವು.

ಸಂಜೆಯ ಗಾಡಿಗೆ ಹೊತ್ತಾಗುತ್ತಿತ್ತು. ನಾನು ಕುಡುಗೋಲು ಇಟ್ಟು, ಕೈ ತೊಳೆದುಕೊಂಡು, ಏನಾದರೂ ಹೇಳಲೇಬೇಕೆಂದು ಅವಳ ಮುಂದೆ ಹೋಗಿ ನಿಂತೆ. "ಯವ್ವಾ..." ಎನ್ನುವುದರೊಳಗೆ ಅವಳು ಕೈ ಅಡ್ಡ ಮಾಡಿದಳು.

"ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ ನೋಡು. ಅದು ಹೋಗಂಗೂ ಇಲ್ಲ." ಬುಟ್ಟಿಯ ಮೇಲಿನ ಅರಿವೆ ಬಿಚ್ಚಿ ಎರಡು ರೊಟ್ಟಿ ತೆಗೆದು ನನ್ನ ಕೈಯಲ್ಲಿಟ್ಟಳು. "ಆದ್ರ ನನ್ನ ಗದ್ದಿಯಿಂದ ಹಸದು ಹೋಗಬ್ಯಾಡ. ಕೂಡು, ಉಣ್ಣು."

ಬದುವಿನ ಮೇಲೆ, ಅವಳಿಂದ ಒಂದು ಮಾರು ದೂರದಲ್ಲಿ, ನಾನು ಕೂತು ಉಂಡೆ.